ಮೆಟ್ರೋ ನಂಬಿ ಹಿರೇಹಳ್ಳಿಯಲ್ಲಿ ಸೈಟು ತಗೋಬಹುದಾ?

ಪ್ರಶ್ನೆ: ನಾವು ತುಮಕೂರಿನ ಕ್ಯಾತ್ಸಂದ್ರದವರು. ನಮ್ಮ ಯಜಮಾನರಿಗೆ ಬೆಂಗಳೂರಿನ ಪೀಣ್ಯದಲ್ಲಿ ಕೆಲಸ. ಹದಿನಾಲ್ಕು ವರ್ಷದಿಂದ ಇಲ್ಲಿಂದಲೇ ಓಡಾಡುತ್ತಿದ್ದಾರೆ. ಬೆಳಿಗ್ಗೆ ಐದೂಮುಕ್ಕಾಲಿಗೆ ಮನೆ ಬಿಟ್ಟರೆ ವಾಪಸ್ ಬರುವುದು ರಾತ್ರಿ ಎಂಟೂವರೆಗೆ. ಈ ವರ್ಷ ಮಗಳಿಗೆ ಮಲ್ಲೇಶ್ವರದ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಅವಳೂ ಓಡಾಡಬೇಕಾ, ಪಿಜಿಗೆ ಹಾಕಬೇಕಾ ಅಂತ ಮನೆಯಲ್ಲಿ ಚರ್ಚೆ ನಡೆಯುತ್ತಿದೆ. ಈ ಮಧ್ಯೆ ಒಬ್ಬ ಬ್ರೋಕರ್ ಹಿರೇಹಳ್ಳಿ ಹತ್ತಿರ 30–40 ಅಡಿಯ ಒಂದು ಸೈಟು ತೋರಿಸಿದ್ದಾರೆ. ಮೆಟ್ರೋ ಸ್ಟೇಷನ್ ಐನೂರು ಮೀಟರ್ ಅಂತ ಮ್ಯಾಪಿನಲ್ಲೇ ಗುರುತು ಹಾಕಿ ಕೊಟ್ಟರು. ಅದೇ ಲೇಔಟಿನ ಹಿಂದಿನ ಸಾಲಿನ ಸೈಟಿಗಿಂತ ಆರು ಲಕ್ಷ ಜಾಸ್ತಿ ಹೇಳುತ್ತಿದ್ದಾರೆ. 2028ಕ್ಕೆ ಮೆಟ್ರೋ ಬರುತ್ತದೆ ಅಂತ ವಾಟ್ಸಾಪ್‌ನಲ್ಲೂ ಓಡಾಡುತ್ತಿದೆ. ನಮ್ಮ ಮಾವನವರ ಹೆಸರಿನಲ್ಲಿ ಹೈವೇ ಪಕ್ಕ ಒಂದು ಎಕರೆ ಹತ್ತು ಗುಂಟೆ ಜಮೀನೂ ಇದೆ. ಅದು ಮೆಟ್ರೋಗೆ ಹೋಗುತ್ತೆ, ಈಗಲೇ ಮಾರಿಬಿಡಿ ಅಂತ ಕೆಲವರು ಹೆದರಿಸುತ್ತಾರೆ. ನಮ್ಮ ಮೈದುನನದು ಇನ್ನೊಂದು ವಾದ. ಮೆಟ್ರೋ ಯಾಕೆ, ಲೈಟ್ ರೈಲು ಹಾಕಿದರೆ ಅರ್ಧ ದುಡ್ಡಲ್ಲಿ ಮುಗಿಯುತ್ತೆ, ಇರೋ ರೈಲ್ವೆ ಹಳಿ ಮೇಲೇ ಬಿಡಬಹುದು ಅಂತಾನೆ. ಯಾರ ಮಾತು ನಂಬಬೇಕು ತಿಳಿಯುತ್ತಿಲ್ಲ.

ಉತ್ತರ: ನಿಮ್ಮ ಪತ್ರದಲ್ಲಿ ಸೈಟು, ಜಮೀನು, ಲೈಟ್ ರೈಲು ಅಂತ ಮೂರು ಪ್ರಶ್ನೆ ಇವೆ. ನನ್ನ ಕಣ್ಣಿಗೆ ಬಿದ್ದದ್ದು ಮಾತ್ರ ಐದೂಮುಕ್ಕಾಲು ಮತ್ತು ಎಂಟೂವರೆ. ಮನೆಯಲ್ಲಿ ಒಬ್ಬರು ದಿನಕ್ಕೆ ಹತ್ತಿರತ್ತಿರ ಹದಿನೈದು ಗಂಟೆ ಹೊರಗಿರುತ್ತಾರೆ. ಈಗ ಮಗಳೂ ಅದೇ ದಾರಿ ಹಿಡಿಯುತ್ತಾಳಲ್ಲ ಅನ್ನುವ ಚಿಂತೆ. ಮೆಟ್ರೋ ಬಂದರೆ ಇದೆಲ್ಲ ತಪ್ಪುತ್ತದೆ ಅನ್ನುವ ಆಸೆ ನಿಮಗಿದೆ. ಬ್ರೋಕರ್ ಆರು ಲಕ್ಷ ಜಾಸ್ತಿ ಕೇಳುತ್ತಿರುವುದು ಆ ಆಸೆಗೇ. ಹಾಗಾಗಿ ಮೊದಲು ಅದನ್ನೇ ಲೆಕ್ಕ ಹಾಕಿ ನೋಡೋಣ.

ನಾನು ಇಪ್ಪತ್ತೆರಡು ವರ್ಷದಿಂದ ಸಾರಿಗೆ ಯೋಜನೆಗಳ ಸರ್ವೆ ಕೆಲಸದಲ್ಲಿದ್ದೇನೆ. ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಬೆಳಗಿನ ಜಾವ ಫಾರಂ ಹಿಡಿದು ನಿಂತು, "ಎಲ್ಲಿ ಇಳೀತೀರಿ ಸಾರ್, ದಿನಾ ಹೋಗ್ತೀರಾ" ಅಂತ ನಿದ್ದೆಗಣ್ಣಿನ ಜನರನ್ನು ಪೀಡಿಸಿದವರಲ್ಲಿ ನಾನೂ ಒಬ್ಬ. ಆಗ ತಿಳಿದ ಒಂದು ವಿಷಯ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಬಸ್ಸಿನ ಬೋರ್ಡು ಮೆಜೆಸ್ಟಿಕ್ ಅಂತ ಇದ್ದರೂ ತುಮಕೂರಿನವರೆಲ್ಲ ಮೆಜೆಸ್ಟಿಕ್ಕಿಗೆ ಹೋಗುವುದಿಲ್ಲ. ಎಂಟನೇ ಮೈಲಿ, ಜಾಲಹಳ್ಳಿ ಕ್ರಾಸ್, ಪೀಣ್ಯ, ಗೊರಗುಂಟೆಪಾಳ್ಯ ಅಂತ ಗುಂಪು ಗುಂಪಾಗಿ ಇಳಿದುಬಿಡುತ್ತಾರೆ, ನಿಮ್ಮ ಯಜಮಾನರ ಹಾಗೆ. 2021ರ ಕೊನೆಯಲ್ಲಿ ಪೀಣ್ಯ ಮೇಲ್ಸೇತುವೆ ಬಂದ್ ಆದಾಗ ಈ ಜನರಿಗೆ ಆದ ಪಾಡು ಅವರನ್ನೇ ಕೇಳಿ.

ಈಗ ಮೆಟ್ರೋ ಎಲ್ಲಿಗೆ ಬಂದಿದೆ ನೋಡೋಣ. ಹಸಿರು ಮಾರ್ಗ 2024ರ ನವೆಂಬರ್‌ನಲ್ಲಿ ನಾಗಸಂದ್ರದಿಂದ ಮಾದಾವರಕ್ಕೆ ಬಂತು. ಅಲ್ಲಿಂದ ತುಮಕೂರಿಗೆ ಖಾಸಗಿ ಸಹಭಾಗಿತ್ವದಲ್ಲಿ ಒಯ್ಯಬಹುದೇ ಎಂದು ಅಧ್ಯಯನ ಮಾಡಿಸುವುದಾಗಿ 2024–25ರ ರಾಜ್ಯ ಬಜೆಟ್‌ನಲ್ಲಿ ಹೇಳಿದರು. ಅಧ್ಯಯನದ ವರದಿ ಬಂತು. ಅದರ ಪ್ರಕಾರ 56.6 ಕಿ.ಮೀ. ಉದ್ದ, 26 ನಿಲ್ದಾಣ, ಎಲ್ಲವೂ ಕಂಬದ ಮೇಲೆ. 2025ರ ಕೊನೆಯ ಹೊತ್ತಿಗೆ ವಿವರ ಯೋಜನಾ ವರದಿ, ಅಂದರೆ ಎಲ್ಲರ ಬಾಯಲ್ಲಿರುವ ಡಿಪಿಆರ್, ಮಾಡಿಸಲು ಟೆಂಡರ್ ಕರೆದರು. ಅಂದಾಜು ವೆಚ್ಚ 20 ಸಾವಿರ ಕೋಟಿ ದಾಟುತ್ತದೆ. ಹಿರೇಹಳ್ಳಿಯ ಹೆಸರು ಆ ಮೊದಲ ವರದಿಯಲ್ಲಿದೆ. ಹಾಗಾಗಿ ಬ್ರೋಕರ್ ಪೂರ್ತಿ ಸುಳ್ಳು ಹೇಳಿದ್ದಾರೆ ಅನ್ನಲಾರೆ. ಅವರು ಸುಳ್ಳು ಹೇಳಿರುವುದು ಐನೂರು ಮೀಟರ್ ವಿಷಯದಲ್ಲಿ.

ಮೊದಲ ವರದಿಯಲ್ಲಿ ನಿಲ್ದಾಣ ಅಂದರೆ ಮ್ಯಾಪಿನ ಮೇಲೆ ಇಟ್ಟ ಒಂದು ಚುಕ್ಕಿ, ಅಷ್ಟೇ. ಅದನ್ನು ಇಟ್ಟವರಿಗೂ ಅಲ್ಲಿ ಕೆಇಬಿ ಟವರ್ ಇದೆಯಾ, ಕೆರೆ ಕೋಡಿ ಹರಿಯುತ್ತದಾ, ಹೆದ್ದಾರಿಯವರು ಫ್ಲೈಓವರ್ ಮಾಡುತ್ತಾರಾ ಅನ್ನುವುದು ಪೂರ್ತಿ ಗೊತ್ತಿರುವುದಿಲ್ಲ. ಡಿಪಿಆರ್ ಮಾಡುವಾಗ ನೆಲ ಅಳೆದು, ಮಣ್ಣು ಕೊರೆದು, ಜನ ಎಣಿಸಿದ ಮೇಲೆ ಚುಕ್ಕಿ ಆಚೀಚೆ ಸರಿಯುತ್ತದೆ. ಒಂದು ಕಿಲೋಮೀಟರ್ ಸರಿದದ್ದನ್ನು ನಾನೇ ನೋಡಿದ್ದೇನೆ. ಎರಡು ನಿಲ್ದಾಣ ಸೇರಿ ಒಂದಾದದ್ದೂ ಉಂಟು. ಹಿಂದೆ ಬೇರೆ ಊರಿನ ಯೋಜನೆಯೊಂದರಲ್ಲಿ ನಾವು ಕರಡು ನಕ್ಷೆ ಒಪ್ಪಿಸಿ ವಾರ ಆಗಿರಲಿಲ್ಲ. ಅದೇ ನಕ್ಷೆ ಬಣ್ಣ ಬಳಿದುಕೊಂಡು ಲೇಔಟ್ ಕರಪತ್ರದಲ್ಲಿ ನಮ್ಮ ಆಫೀಸಿಗೇ ಬಂತು! ಆಮೇಲೆ ಮಾರ್ಗ ಆ ಊರಿನ ಇನ್ನೊಂದು ಬದಿಗೆ ಹೋಯಿತು. ಸೈಟು ತೆಗೆದುಕೊಂಡವರು ಕರಪತ್ರ ಹಿಡಿದುಕೊಂಡು ಯಾರನ್ನು ಕೇಳಬೇಕು?

ಇನ್ನು 2028. ನಮ್ಮ ಮೆಟ್ರೋದ ಹಿಂದಿನ ಲೆಕ್ಕ ನೋಡಿದರೆ ಸಾಕು. ಮೊದಲ ಹಂತ 42 ಕಿ.ಮೀ. ಇತ್ತು. 2006ರಲ್ಲಿ ಶಂಕುಸ್ಥಾಪನೆ ಆಯಿತು, ಮೊದಲ ರೈಲು ಓಡಿದ್ದು 2011ರ ಅಕ್ಟೋಬರ್‌ನಲ್ಲಿ, ಪೂರ್ತಿ ಮುಗಿದದ್ದು 2017ರಲ್ಲಿ. ನಾಗಸಂದ್ರ–ಮಾದಾವರ ಮೂರೇ ಕಿಲೋಮೀಟರ್, ಮೂರೇ ನಿಲ್ದಾಣ. 2017ರಲ್ಲಿ ಶುರುವಾದ ಕೆಲಸ ಮುಗಿಯಲು ಏಳು ವರ್ಷ ಹಿಡಿಯಿತು. ನೀವು ದಿನಾ ನೋಡುವ ರಸ್ತೆಯೇ ಅದು. ಅಲ್ಲಿ ಸತಾಯಿಸಿದ್ದು ಬಹುಪಾಲು ಜಮೀನಿನ ಗೋಜಲು, ಕಾಂಕ್ರೀಟ್ ಅಲ್ಲ. ಮೂರನೇ ಹಂತದ 44.65 ಕಿ.ಮೀ.ಗೆ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿದ್ದು 2024ರ ಆಗಸ್ಟ್‌ನಲ್ಲಿ. ತುಮಕೂರು ಮಾರ್ಗ ಆ ಸರದಿಯಲ್ಲಿ ಅದಕ್ಕಿಂತ ತುಂಬಾ ಹಿಂದೆ ನಿಂತಿದೆ. ಡಿಪಿಆರ್ ಆಗಬೇಕು, ರಾಜ್ಯ ಸಂಪುಟ ಒಪ್ಪಬೇಕು, ದುಡ್ಡು ಹಾಕುವವರು ಸಿಗಬೇಕು, ಜಮೀನು ಬರಬೇಕು, ಆಮೇಲೆ ಕಂಬ. ಈ ವರ್ಷ ಕಾಲೇಜು ಸೇರುವ ನಿಮ್ಮ ಮಗಳು ಆ ಮೆಟ್ರೋದಲ್ಲಿ ಕಾಲೇಜಿಗೆ ಹೋಗುವುದಿಲ್ಲ. ಇಷ್ಟನ್ನು ನಾನು ಧೈರ್ಯವಾಗಿ ಹೇಳಬಲ್ಲೆ.

ಸರಿ, ತಡವಾಗಿಯೇ ಬರಲಿ, ಬಂದಮೇಲೆ ಉಪಯೋಗ ಇದೆಯಲ್ಲ ಅಂತೀರಿ. ಇಲ್ಲಿ ಸ್ವಲ್ಪ ಕೂತು ಲೆಕ್ಕ ಹಾಕಬೇಕು. ಈ ಲೆಕ್ಕವನ್ನು ವೇದಿಕೆ ಮೇಲೆ ಯಾರೂ ಹೇಳುವುದಿಲ್ಲ.

ಮೆಟ್ರೋ ಊರೊಳಗಿನ ಗಾಡಿ. ಕಿಲೋಮೀಟರಿಗೊಂದು ಕಡೆ ನಿಲ್ಲಬೇಕು, ಜನರನ್ನು ಇಳಿಸಬೇಕು, ಹತ್ತಿಸಬೇಕು, ಮತ್ತೆ ಓಡಬೇಕು. ಗರಿಷ್ಠ ವೇಗ ಗಂಟೆಗೆ 80 ಕಿ.ಮೀ. ಇದ್ದರೂ ನಿಂತು ನಿಂತು ಹೋಗುವುದರಿಂದ ಸರಾಸರಿ 30–35ಕ್ಕೆ ಇಳಿಯುತ್ತದೆ. ಮಾದಾವರದಿಂದ ಆ ತುದಿಯ ರೇಷ್ಮೆ ಸಂಸ್ಥೆವರೆಗೆ ಸುಮಾರು 33 ಕಿ.ಮೀ. ಇದೆ. ಕೂತು ನೋಡಿ, ಒಂದು ಗಂಟೆ ಹಿಡಿಯುತ್ತದೆ. ತುಮಕೂರು ಮಾರ್ಗದಲ್ಲಿ ನಿಲ್ದಾಣಗಳ ನಡುವೆ ಎರಡು ಕಿಲೋಮೀಟರಿಗೂ ಸ್ವಲ್ಪ ಜಾಸ್ತಿ ಅಂತರ ಇರುತ್ತದೆ. ಹಾಗಾಗಿ ಸರಾಸರಿ ವೇಗ 40ಕ್ಕೆ ಏರಿತು ಅಂತಲೇ ಇಟ್ಟುಕೊಳ್ಳೋಣ. ತುಮಕೂರು ತುದಿಯಿಂದ ಮಾದಾವರಕ್ಕೇ 85 ನಿಮಿಷ ಆಯಿತು. ಅಲ್ಲಿಂದ ಪೀಣ್ಯಕ್ಕೆ ಇನ್ನೊಂದು ಕಾಲು ಗಂಟೆ, ಮೆಜೆಸ್ಟಿಕ್ಕಿಗಾದರೆ ಅರ್ಧ ಗಂಟೆಗೂ ಸ್ವಲ್ಪ ಜಾಸ್ತಿ. ಮೆಜೆಸ್ಟಿಕ್ಕಿಗೆ ಒಟ್ಟು ಹತ್ತಿರಹತ್ತಿರ ಎರಡು ಗಂಟೆ ಆಯಿತು. ಈಗ ನಾನ್‌ಸ್ಟಾಪ್ ಬಸ್ಸು ಒಳ್ಳೆಯ ದಿನ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ? ಒಂದೂವರೆ ಗಂಟೆ, ಅಲ್ವಾ. ಟ್ರಾಫಿಕ್ ಜಾಮ್ ಇಲ್ಲ, ಹೊತ್ತಿಗೆ ಸರಿಯಾಗಿ ತಲುಪುತ್ತೀವಿ ಅನ್ನುವ ನೆಮ್ಮದಿ ಮೆಟ್ರೋದಲ್ಲಿ ನಿಜ. ಬೇಗ ತಲುಪುತ್ತೀವಿ ಅನ್ನುವುದು ಮಾತ್ರ ಸುಮ್ನೆ ನಂಬಿಕೆ.

ಇಷ್ಟು ದೂರಕ್ಕೆ ದೇಶದಲ್ಲಿ ಬೇರೆ ಮಾದರಿ ಇಲ್ಲವೇ ಅಂದರೆ ಇದೆ. ದೆಹಲಿ–ಮೀರತ್ ನಡುವಿನ ನಮೋ ಭಾರತ್ ರೈಲು. ಮಾರ್ಗ 82 ಕಿ.ಮೀ., ರೈಲಿನ ಗರಿಷ್ಠ ವೇಗ ಗಂಟೆಗೆ 160 ಕಿ.ಮೀ., ನಿಲ್ದಾಣಗಳು ದೂರ ದೂರ. 2023ರ ಅಕ್ಟೋಬರ್‌ನಲ್ಲಿ ಅದರ ಮೊದಲ ತುಂಡು ಶುರುವಾಯಿತು. ಊರಿಂದ ಊರಿಗೆ ಒಂದು ಗಂಟೆಯೊಳಗೆ ಹೋಗಬೇಕು ಅಂದರೆ ಅಂಥದ್ದು ಬೇಕು. ಆದರೆ ಅದರ ಅಂದಾಜು 30 ಸಾವಿರ ಕೋಟಿ ದಾಟಿತ್ತು. ಅಲ್ಲಿ ಎರಡು ಕಡೆಯೂ ದೊಡ್ಡ ನಗರಗಳಿವೆ, ನಡುವೆ ಗಾಜಿಯಾಬಾದ್ ಇದೆ. ನಮ್ಮಲ್ಲಿ ನೆಲಮಂಗಲ ದಾಟಿದರೆ ದಾಬಸ್‌ಪೇಟೆ, ಆಮೇಲೆ ಬೆಟ್ಟಗಳು.

ಮೈದುನನ ಲೈಟ್ ರೈಲಿನ ವಾದಕ್ಕೆ ಬರುತ್ತೇನೆ. ಹುಡುಗ ಕೇಳಿದ ಪ್ರಶ್ನೆ ಒಳ್ಳೆಯದೇ. 2017ರ ಕೇಂದ್ರ ಮೆಟ್ರೋ ನೀತಿಯೇ ಹೇಳುತ್ತದೆ: ಮೆಟ್ರೋ ಕೇಳುವ ಮೊದಲು ಬಸ್ಸು, ಟ್ರಾಮು, ಲೈಟ್ ರೈಲು, ಇರುವ ರೈಲ್ವೆ ಎಲ್ಲವನ್ನೂ ತೂಗಿ ನೋಡಬೇಕು, ಊರಿಗೆ ಆಗುವ ಒಟ್ಟು ಲಾಭದ ದರ ಶೇ. 14ಕ್ಕೆ ಕಡಿಮೆ ಇರಬಾರದು. ನಿಮ್ಮ ಯಜಮಾನರು ಬಸ್ಸಿನಲ್ಲಿ ಕಳೆಯುವ ಒಂದೊಂದು ಗಂಟೆಗೂ ಆ ಲೆಕ್ಕದಲ್ಲಿ ಬೆಲೆ ಕಟ್ಟುತ್ತಾರೆ. ಪ್ರಯಾಣದ ಹೊತ್ತೇ ಉಳಿಯದಿದ್ದರೆ ಆ ಶೇ. 14 ಎಲ್ಲಿಂದ ಬರಬೇಕು, ನೀವೇ ಹೇಳಿ.

ಲೈಟ್ ರೈಲು ಅಂದರೆ ಹಗುರವಾದ ರೈಲು ಅಂತ ಬಹಳ ಜನ ತಿಳಿದಿದ್ದಾರೆ. ಲೈಟ್ ಅನ್ನುವುದು ತೂಕಕ್ಕೆ ಬಂದ ಮಾತಲ್ಲ, ಹೊರುವ ಜನಕ್ಕೆ ಬಂದದ್ದು. ಗಂಟೆಗೆ ಒಂದು ದಿಕ್ಕಿನಲ್ಲಿ ನಲವತ್ತು ಐವತ್ತು ಸಾವಿರ ಜನ ಹೋಗುವ ಕಡೆ ಮೆಟ್ರೋ ಬೇಕು. ಹತ್ತು ಹದಿನೈದು ಸಾವಿರಕ್ಕೆ ಲೈಟ್ ರೈಲು ಸಾಕು. ಕೇಂದ್ರ ಸರ್ಕಾರ 2019ರಲ್ಲಿ ಮೆಟ್ರೋಲೈಟ್ ಅನ್ನುವ ಹೆಸರಿನಲ್ಲಿ ಇದಕ್ಕೆ ಮಾನದಂಡ ಹೊರಡಿಸಿತು. ಮೂರು ಬೋಗಿ, ಸುಮಾರು 300 ಜನ, ಆದಷ್ಟೂ ನೆಲದ ಮೇಲೇ ರಸ್ತೆ ಪಕ್ಕ ಬೇಲಿ ಹಾಕಿದ ದಾರಿ, ಸಣ್ಣ ಬಸ್‌ಸ್ಟಾಪಿನಂಥ ನಿಲ್ದಾಣ. ಖರ್ಚು ಮೆಟ್ರೋದ ಅರ್ಧಕ್ಕಿಂತಲೂ ಕಡಿಮೆ ಅನ್ನುವ ಅಂದಾಜು. ಇಲ್ಲಿಯವರೆಗೆ ಮೈದುನ ಹೇಳಿದ್ದು ಸರಿ.

ಆದರೆ ಅದರ ಗರಿಷ್ಠ ವೇಗ 60 ಕಿ.ಮೀ. ರಸ್ತೆ ಸಿಗ್ನಲ್‌ಗಳ ನಡುವೆ ಓಡುವಾಗ ಸರಾಸರಿ 25 ಸಿಕ್ಕಿದರೆ ಹೆಚ್ಚು. ತುಮಕೂರಿನಿಂದ ಮಾದಾವರಕ್ಕೆ ಆ ವೇಗದಲ್ಲಿ ಹೊರಟರೆ ಎರಡು ಗಂಟೆಗೂ ಮೀರಿ ಕೂರಬೇಕು. ಖರ್ಚು ಕಡಿಮೆ ಆಯಿತು ನಿಜ, ಪ್ರಯಾಣ ಇನ್ನೂ ಉದ್ದ ಆಯಿತು. ಲೈಟ್ ರೈಲು ಒಂದು ಊರಿನೊಳಗೆ, ಹತ್ತು ಹದಿನೈದು ಕಿಲೋಮೀಟರಿನ ದಾರಿಗೆ ಹೇಳಿಮಾಡಿಸಿದ್ದು. ಕೆನಡಾದ ಕ್ಯಾಲ್ಗರಿ ನಗರ ಇದಕ್ಕೆ ಒಳ್ಳೆಯ ಉದಾಹರಣೆ. 1981ರಲ್ಲಿ ಅಲ್ಲಿ ಒಂದೇ ಮಾರ್ಗದಿಂದ ಶುರು ಮಾಡಿದಾಗ ಊರಿನ ಜನ ಆರು ಲಕ್ಷದಷ್ಟಿದ್ದರು. ಜನ ಹತ್ತಿದಂತೆಲ್ಲ ಒಂದೊಂದು ತುಂಡು ಸೇರಿಸುತ್ತಾ ಬಂದರು. 60 ಕಿ.ಮೀ. ಜಾಲ ಆಗುವ ಹೊತ್ತಿಗೆ 2014 ಆಗಿತ್ತು. ಹೆಚ್ಚುಕಡಿಮೆ ನಮ್ಮ ತುಮಕೂರು ಮಾರ್ಗದಷ್ಟೇ ಉದ್ದ. ಅದಕ್ಕೆ ಅವರು ತೆಗೆದುಕೊಂಡದ್ದು ಮೂವತ್ತಮೂರು ವರ್ಷ, ಅದೂ ಊರೊಳಗೇ.

ಇನ್ನು "ಇರೋ ಹಳಿ ಮೇಲೇ ಬಿಡಬಹುದು" ಅನ್ನುವ ಮಾತು. ಇದು ಆಗದ ಕೆಲಸ. ನಮ್ಮ ರೈಲ್ವೆ ಹಳಿಗಳ ನಡುವಿನ ಅಂತರ 1,676 ಮಿಲಿಮೀಟರ್, ಬೆಂಗಳೂರು ಮೆಟ್ರೋದ್ದು 1,435. ಚಕ್ರವೇ ಕೂರುವುದಿಲ್ಲ. ರೈಲ್ವೆಗೆ ಮೇಲಿನ ತಂತಿಯಲ್ಲಿ 25 ಸಾವಿರ ವೋಲ್ಟ್ ಬರುತ್ತದೆ. ಬೆಂಗಳೂರು ಮೆಟ್ರೋ ಓಡುವುದು ಹಳಿಯ ಪಕ್ಕದ ಮೂರನೇ ಹಳಿಯ 750 ವೋಲ್ಟ್‌ನಲ್ಲಿ. ಜರ್ಮನಿಯ ಕಾರ್ಲ್ಸ್‌ರೂ ಊರಿನಲ್ಲಿ 1992ರಿಂದ ಟ್ರಾಮುಗಳು ದೊಡ್ಡ ರೈಲ್ವೆ ಹಳಿಗೆ ಹತ್ತಿ ಪಕ್ಕದ ಊರಿಗೆ ಹೋಗುತ್ತವೆ. ಅಲ್ಲಿ ಎರಡರ ಹಳಿ ಅಂತರವೂ ಒಂದೇ, ಎರಡೂ ಬಗೆಯ ಕರೆಂಟಿಗೆ ಒಗ್ಗುವ ಗಾಡಿಯನ್ನೇ ಮಾಡಿಸಿದರು. ನಮ್ಮ ಕಡೆ ಹಳಿ ಮೇಲೆ ಸಣ್ಣ ಗಾಡಿ ಓಡಿಸಿದ ಉದಾಹರಣೆ ಬೇಕೆಂದರೆ ಕೋಲಾರದವರನ್ನು ಕೇಳಿ. ಬಂಗಾರಪೇಟೆ–ಕೋಲಾರ ನಡುವೆ ಕೆಲವು ವರ್ಷ ರೈಲ್ ಬಸ್ ಓಡಿತ್ತು. ಬಸ್ಸಿನಂಥ ಡಬ್ಬ, ರೈಲಿನ ಚಕ್ರ. ನೋಡಲು ಚೆಂದ, ಹತ್ತಲು ಜಾಗ ಇಲ್ಲ.

ಹಾಗಾದರೆ ತುಮಕೂರು ಊರೊಳಗೆ ಲೈಟ್ ರೈಲು? ಕ್ಯಾತ್ಸಂದ್ರ, ಬಟವಾಡಿ, ಟೌನ್‌ಹಾಲ್, ಗುಬ್ಬಿ ಗೇಟ್ ಅಂತ ಬಿ.ಎಚ್. ರಸ್ತೆ ಉದ್ದಕ್ಕೂ ಒಂದು ಗೆರೆ ಎಳೆದರೆ ಮ್ಯಾಪಿನಲ್ಲಿ ಮುದ್ದಾಗಿ ಕಾಣುತ್ತದೆ. ಆದರೆ 2011ರ ಜನಗಣತಿಯಲ್ಲಿ ನಮ್ಮೂರು ಮೂರು ಲಕ್ಷ. ಈಗ ಬೆಳೆದಿದೆ, ಆದರೂ ಗಂಟೆಗೆ ಹತ್ತು ಸಾವಿರ ಜನ ಒಂದೇ ದಿಕ್ಕಿಗೆ ಹೋಗುವ ರಸ್ತೆ ಇಲ್ಲಿ ಯಾವುದಿದೆ? ಹತ್ತು ನಿಮಿಷಕ್ಕೊಂದು ಸಿಟಿ ಬಸ್ಸು ತಪ್ಪದೆ ಬಂದರೆ ಮೊದಲು ಅದೇ ಸಾಕು. ವಸಂತನರಸಾಪುರದ ಕಾರ್ಖಾನೆ ಶಿಫ್ಟಿಗೂ, ಗುಬ್ಬಿ ಕಡೆಯ ಹೆಲಿಕಾಪ್ಟರ್ ಕಾರ್ಖಾನೆಗೂ ಬಸ್ಸು ಜೋಡಿಸುವ ಕೆಲಸವೇ ಇನ್ನೂ ಬೇಕಾದಷ್ಟಿದೆ. ಈ ಮಾತು ನಮ್ಮೂರಿನ ಸಭೆಗಳಲ್ಲಿ ಹೇಳಿದರೆ ಚಪ್ಪಾಳೆ ಬೀಳುವುದಿಲ್ಲ ಅಂತ ನನಗೆ ಅನುಭವ ಇದೆ.

ನಿಮ್ಮ ಮನೆಗೆ ಬೇಗ ಉಪಯೋಗಕ್ಕೆ ಬರುವುದು ಕ್ಯಾತ್ಸಂದ್ರದಲ್ಲೇ ಇರುವ ಹಳಿ. 1884ರಲ್ಲೇ ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದಿತ್ತು. ಈಗ ಜೋಡಿ ಹಳಿ ಇದೆ, ವಿದ್ಯುತ್ತೂ ಬಂದಿದೆ, 2024ರಲ್ಲಿ ಯಶವಂತಪುರಕ್ಕೆ ಮೆಮು, ಅಂದರೆ ಹತ್ತಿರದ ಊರುಗಳ ನಡುವೆ ಓಡುವ ವಿದ್ಯುತ್ ಪ್ಯಾಸೆಂಜರ್ ರೈಲು, ಸಹ ಶುರುವಾಯಿತು. ಆದರೂ ದಿನಾ ಓಡಾಡುವವರ ಗೋಳು ತಪ್ಪಿಲ್ಲ ಯಾಕೆ? ಕಾರಣ ಎರಡಿವೆ. ಒಂದು, ಈ ಹಳಿ ನಮ್ಮದೊಂದೇ ಊರಿನದಲ್ಲ. ಹುಬ್ಬಳ್ಳಿ, ಶಿವಮೊಗ್ಗ, ಅದರಾಚೆಯ ಎಕ್ಸ್‌ಪ್ರೆಸ್‌ಗಳು, ಗೂಡ್ಸ್ ಗಾಡಿಗಳು ಎಲ್ಲವೂ ಇದರ ಮೇಲೇ ಬರುತ್ತವೆ. ಎಕ್ಸ್‌ಪ್ರೆಸ್ ಬಂದರೆ ಪ್ಯಾಸೆಂಜರನ್ನು ಪಕ್ಕದ ಲೂಪಿಗೆ ಹಾಕಿ ನಿಲ್ಲಿಸುತ್ತಾರೆ. ಎರಡು, ಚಿಕ್ಕಬಾಣಾವರದಲ್ಲಿ ಕುಣಿಗಲ್ ಕಡೆಯಿಂದ ಬರುವ ಹಾಸನದ ಹಳಿ ಬಂದು ಸೇರಿಕೊಳ್ಳುತ್ತದೆ. 2017ರಿಂದ ಆ ರೈಲುಗಳೂ ಸೇರಿವೆ. ಎರಡು ಕಾಲುವೆ ನೀರು ಒಂದೇ ತೂಬಿಗೆ ಬಂದಂತೆ.

ಇದಕ್ಕೆ ಮದ್ದು ಗೊತ್ತಿಲ್ಲದ್ದೇನಲ್ಲ. ಹಳೆಯ ಸಿಗ್ನಲ್ ಪದ್ಧತಿಯಲ್ಲಿ ಮುಂದಿನ ರೈಲು ಇನ್ನೊಂದು ಸ್ಟೇಷನ್ ತಲುಪುವವರೆಗೆ ಹಿಂದಿನ ರೈಲಿಗೆ ಹಸಿರು ದೀಪ ಸಿಗುವುದಿಲ್ಲ. ಸ್ವಯಂಚಾಲಿತ ಸಿಗ್ನಲ್ ಹಾಕಿದರೆ ಸುಮಾರು ಕಿಲೋಮೀಟರಿಗೊಂದು ದೀಪ ಬರುತ್ತದೆ, ಒಂದರ ಹಿಂದೊಂದು ರೈಲು ಬಿಡಬಹುದು. ಇದ್ದ ಹಳಿಯಲ್ಲೇ ರೈಲುಗಳ ಸಂಖ್ಯೆ ಏರುತ್ತದೆ. ಜನದಟ್ಟಣೆ ಇರುವ ಕಡೆ ಮೂರನೇ, ನಾಲ್ಕನೇ ಹಳಿ ಹಾಕುವುದು ಮುಂದಿನ ಹೆಜ್ಜೆ. ಬೆಂಗಳೂರಿನ ಉಪನಗರ ರೈಲು ಯೋಜನೆಯ ಮಲ್ಲಿಗೆ ಮಾರ್ಗ 25 ಕಿ.ಮೀ. ಉದ್ದ. ಬೈಯಪ್ಪನಹಳ್ಳಿಯಿಂದ ಹೊರಟು ಅದೂ ಚಿಕ್ಕಬಾಣಾವರಕ್ಕೇ ಬಂದು ನಿಲ್ಲುತ್ತದೆ. ಒಟ್ಟು 148 ಕಿ.ಮೀ.ನ ಆ ಯೋಜನೆಗೆ 2020ರಲ್ಲಿ ಒಪ್ಪಿಗೆ ಸಿಕ್ಕಿದೆ, ಕೆಲಸ ಕುಂಟುತ್ತಾ ನಡೆದಿದೆ. ಅದು ಮುಗಿದರೆ ತುಮಕೂರಿನವರು ಚಿಕ್ಕಬಾಣಾವರದಲ್ಲಿ ಇಳಿದು ಊರೊಳಗೆ ಸೇರಿಕೊಳ್ಳಬಹುದು. ಸಾವಿರಾರು ಕೋಟಿ ಕಂಬದ ಮೇಲೆ ಹಾಕುವ ಬದಲು ಬೆಳಿಗ್ಗೆ ಐದರಿಂದ ಒಂಬತ್ತರವರೆಗೆ ಇಪ್ಪತ್ತು ನಿಮಿಷಕ್ಕೊಂದು ಮೆಮು ಕೊಡಿ ಅಂತ ನಾನು ಕೇಳುತ್ತೇನೆ. ಅದರ ತೊಂದರೆಯನ್ನೂ ಹೇಳಬೇಕು. ರೈಲ್ವೆ ನಮ್ಮ ರಾಜ್ಯದ ಕೈಯಲ್ಲಿಲ್ಲ. ಇವತ್ತು ಕೊಟ್ಟ ಹೊತ್ತನ್ನು ನಾಳೆ ಎಕ್ಸ್‌ಪ್ರೆಸ್ ಒಂದಕ್ಕಾಗಿ ಬದಲಾಯಿಸಿದರೆ ಯಾರೂ ಕೇಳುವಂತಿಲ್ಲ.

ಮೆಟ್ರೋ ಬೇಡವೇ ಬೇಡ ಅಂತ ನನ್ನ ವಾದ ಅಲ್ಲ. ಮಾದಾವರದಿಂದ ನೆಲಮಂಗಲಕ್ಕೆ ಬಂದರೆ ಅರ್ಥ ಇದೆ. ಅಲ್ಲಿ ಊರು ಊರಿಗೆ ಅಂಟಿಕೊಂಡಿದೆ. ನೆಲಮಂಗಲಕ್ಕೆ ಮೆಟ್ರೋ ಬಂತು, ತುಮಕೂರಿನ ಬಸ್ಸುಗಳು ಅಲ್ಲೇ ಜನರನ್ನು ಇಳಿಸಿ ಹದಿನೈದು ನಿಮಿಷದಲ್ಲಿ ವಾಪಸ್ ಹೊರಟವು ಅಂದುಕೊಳ್ಳಿ. ಅದೇ ಬಸ್ಸು ದಿನಕ್ಕೆ ಎರಡು ಟ್ರಿಪ್ ಜಾಸ್ತಿ ಹೊಡೆಯುತ್ತದೆ. ಪೂರ್ತಿ ತುಮಕೂರಿನವರೆಗೆ ಒಯ್ಯುವಾಗ ಮಾತ್ರ ದುಡ್ಡಿನ ಪ್ರಶ್ನೆ ಏಳುತ್ತದೆ. ಖಾಸಗಿಯವರು ಕಟ್ಟಲಿ ಅನ್ನುವುದು ಸರ್ಕಾರದ ಯೋಚನೆ. ದೆಹಲಿಯ ಏರ್‌ಪೋರ್ಟ್ ಮಾರ್ಗದಿಂದ ಖಾಸಗಿ ಕಂಪನಿ 2013ರಲ್ಲಿ ಹೊರಬಂತು. ಗುರುಗ್ರಾಮದ ರ‍್ಯಾಪಿಡ್ ಮೆಟ್ರೋದಲ್ಲಿ 2019ರಲ್ಲಿ ಅದೇ ಆಯಿತು. ಹೈದರಾಬಾದಿನ 69 ಕಿ.ಮೀ. ಮೆಟ್ರೋ ದೊಡ್ಡ ಊರಿನ ನಟ್ಟನಡುವೆ ಓಡುತ್ತದೆ, ಜನ ತುಂಬಿ ತುಳುಕುತ್ತಾರೆ. ಅದನ್ನೂ ಸರ್ಕಾರವೇ ವಹಿಸಿಕೊಳ್ಳಲು 2025ರಲ್ಲಿ ಒಪ್ಪಬೇಕಾಯಿತು. ಟಿಕೆಟ್ ದುಡ್ಡಿನಲ್ಲಿ ಸಾಲದ ಬಡ್ಡಿ ತೀರುವುದಿಲ್ಲ. ಕಡೆಗೆ ಖಾಸಗಿಯವರು ಕೇಳುವುದು ಹೆಚ್ಚು ಟಿಕೆಟ್ ದರವನ್ನು, ಇಲ್ಲವೇ ನಿಲ್ದಾಣದ ಸುತ್ತಲಿನ ಜಮೀನನ್ನು. ಬೆಂಗಳೂರಿನೊಳಗೇ 2025ರ ಫೆಬ್ರುವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ತುಮಕೂರಿಗೆ ಎಷ್ಟಾಗಬಹುದು ನೀವೇ ಊಹಿಸಿ. ರೈಲಿನ ತಿಂಗಳ ಪಾಸು ಹಿಡಿದು ಓಡಾಡುವವರು ಅದನ್ನು ದಿನಾ ಕೊಡುತ್ತಾರಾ?

ಸರಿ, ಸೈಟು. ಆ ಸೈಟು ಮೆಟ್ರೋ ಇಲ್ಲದೆಯೂ ಬೇಕು ಅನ್ನಿಸುತ್ತದಾ ಅಂತ ಯೋಚನೆ ಮಾಡಿ. ಹಿರೇಹಳ್ಳಿಯಲ್ಲಿ ಕೈಗಾರಿಕಾ ಪ್ರದೇಶ ಇದೆ, ಹೆದ್ದಾರಿ ಇದೆ, ರೈಲ್ವೆ ಸ್ಟೇಷನ್ನೂ ಇದೆ. ಮನೆ ಕಟ್ಟಿ ಇರುವ ಉದ್ದೇಶ ಇದ್ದರೆ ತಗೊಳ್ಳಿ, ಆದರೆ ಹಿಂದಿನ ಸಾಲಿನ ಬೆಲೆಗೆ. ಆರು ಲಕ್ಷ ಜಾಸ್ತಿ ಕೊಡಬೇಡಿ. ಆ ಆರು ಲಕ್ಷವನ್ನು ಹತ್ತು ಹನ್ನೆರಡು ವರ್ಷ ಬ್ಯಾಂಕಿನಲ್ಲಿ ಬಿಟ್ಟರೂ ದುಪ್ಪಟ್ಟಾಗುತ್ತದೆ, ಸಾಲ ಮಾಡಿ ಕೊಟ್ಟರೆ ಅಷ್ಟನ್ನೂ ನೀವೇ ಬಡ್ಡಿಯಾಗಿ ಕಟ್ಟುತ್ತೀರಿ. ಲೇಔಟಿಗೆ ಟೂಡಾ (ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರ) ಒಪ್ಪಿಗೆ ಇದೆಯಾ, ಜಮೀನು ಅಲಿನೇಷನ್ ಆಗಿದೆಯಾ, ಅಂದರೆ ಕೃಷಿಯಿಂದ ಮನೆ ಕಟ್ಟುವ ಬಳಕೆಗೆ ಬದಲಾಗಿದೆಯಾ, ಇ-ಖಾತಾ ಇದೆಯಾ, ಇದನ್ನು ಮೆಟ್ರೋಗಿಂತ ಮೊದಲು ನೋಡಿ. ಮೆಟ್ರೋ ಮ್ಯಾಪನ್ನು ಜಾಸ್ತಿ ಹೊತ್ತು ತೋರಿಸುವ ಕಡೆ ಕಾಗದಪತ್ರ ಕಡಿಮೆ ಇರುತ್ತದೆ ಅನ್ನುವುದು ನನ್ನ ಅನುಮಾನ. ಇನ್ನೊಂದು ಮಾತು. ನಿಲ್ದಾಣ ನಿಜವಾಗಿಯೂ ಅಲ್ಲೇ ಬಂದು, ನಿಮ್ಮ ಸೈಟು ಅದಕ್ಕೆ ತೀರಾ ಹತ್ತಿರ ಇದ್ದರೆ ಮೆಟ್ಟಿಲಿಗೋ ಪಾರ್ಕಿಂಗಿಗೋ ಅದನ್ನೇ ತೆಗೆದುಕೊಂಡಾರು.

ಮಾವನವರ ಜಮೀನಿನ ವಿಷಯದಲ್ಲಿ ಹೆದರಿ ಮಾರಬೇಡಿ. ಕಂಬದ ಮಾರ್ಗ ಹೆದ್ದಾರಿಯ ನಡುವಿನ ಡಿವೈಡರ್ ಮೇಲೋ ಅಂಚಿನಲ್ಲೋ ಬಂದರೆ ಉದ್ದಕ್ಕೂ ಜಮೀನು ಬೇಕಾಗುವುದಿಲ್ಲ. ಬೇಕಾಗುವುದು ಮೂರು ಕಡೆ: ನಿಲ್ದಾಣಕ್ಕೆ, ಮಾರ್ಗ ತಿರುಗುವ ಕಡೆ, ಮತ್ತು ರೈಲು ನಿಲ್ಲಿಸಿ ರಿಪೇರಿ ಮಾಡುವ ಡಿಪೋಗೆ. ನಿಲ್ದಾಣ ಅಂದರೆ ಆರು ಬೋಗಿಗೆ ಸುಮಾರು 140 ಮೀಟರ್ ಉದ್ದದ ಪ್ಲಾಟ್‌ಫಾರಂ, ಎರಡೂ ಬದಿ ಮೆಟ್ಟಿಲು. ಡಿಪೋಗೆ ಮಾತ್ರ ಹತ್ತಾರು ಎಕರೆ ಒಂದೇ ಕಡೆ ಬೇಕು. ನಿಮ್ಮ ಜಮೀನಿಗೆ ಸದ್ಯ ಮೆಟ್ರೋಗಿಂತ ಹತ್ತಿರದ ವಿಷಯ ಹೆದ್ದಾರಿ ಅಗಲೀಕರಣ. ಅಲ್ಲಿ ಕಲ್ಲು ನೆಟ್ಟಿದ್ದಾರಾ ನೋಡಿಕೊಳ್ಳಿ. ರಾಷ್ಟ್ರೀಯ ಹೆದ್ದಾರಿಯ ಮಧ್ಯದ ಗೆರೆಯಿಂದ ಸಾಮಾನ್ಯವಾಗಿ 40 ಮೀಟರ್ ಒಳಗೆ ಕಟ್ಟಡಕ್ಕೆ ಬಿಡುವುದಿಲ್ಲ ಅನ್ನುವುದೂ ನೆನಪಿರಲಿ. ಪರಿಹಾರ ಜಾಸ್ತಿ ಬರಲಿ ಅಂತ ಈಗ ಶೆಡ್ಡು ಹಾಕಿಸಿ ಅನ್ನುವವರು ಬರುತ್ತಾರೆ, ಕೇಳಬೇಡಿ.

ಬೆಂಗಳೂರು ಮೆಟ್ರೋಗೆ ಜಮೀನು ತೆಗೆದುಕೊಳ್ಳುವುದು ಹೆಚ್ಚಾಗಿ ಕೆಐಎಡಿಬಿ, ಅಂದರೆ ರಾಜ್ಯದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಮೂಲಕ. ಮೊದಲು 28(1) ಅಧಿಸೂಚನೆ ಬರುತ್ತದೆ, ಅದರಲ್ಲಿ ಸರ್ವೆ ನಂಬರ್ ಇರುತ್ತದೆ. ಆಮೇಲೆ ನೋಟಿಸು ಕೊಡುತ್ತಾರೆ. ಆಕ್ಷೇಪಣೆಗೆ ಮೂವತ್ತು ದಿನ, ವಿಚಾರಣೆ, ನಂತರ 28(4)ರ ಅಂತಿಮ ಅಧಿಸೂಚನೆ. ಸರ್ವೆ ನಂಬರ್ ಇರುವ ಅಧಿಸೂಚನೆ ಕಣ್ಣಿಗೆ ಬೀಳುವವರೆಗೆ ಬೇರೆಯವರ ಮಾತು ಬರೀ ಮಾತು. ಸೈಟು ಮೆಟ್ರೋದಿಂದ ಚಿನ್ನ ಆಗುತ್ತೆ ಅಂತಾರೆ, ಅದೇ ರಸ್ತೆಯ ಜಮೀನು ಮೆಟ್ರೋದಿಂದ ಹಾಳಾಗುತ್ತೆ ಅಂತಾರೆ. ಇಬ್ಬರೂ ಒಂದೇ ಊರಿನ ಬ್ರೋಕರ್‌ಗಳಾಗಿದ್ದರೆ ಆಶ್ಚರ್ಯವಿಲ್ಲ. ಈ ಮಧ್ಯೆ ಕಾಗದ ಸರಿಮಾಡಿಕೊಳ್ಳಿ. ಪಹಣಿಯಲ್ಲಿ ಮಾವನವರ ಹೆಸರು, ವಿಸ್ತೀರ್ಣ ಸರಿ ಇದೆಯಾ, ಪೋಡಿ (ಅಳತೆ ಮಾಡಿ ಪ್ರತ್ಯೇಕ ನಂಬರ್ ಕೊಡುವುದು) ಆಗಿದೆಯಾ, ಅಣ್ಣತಮ್ಮಂದಿರ ವಿಭಾಗ ಪತ್ರ ನೋಂದಣಿ ಆಗಿದೆಯಾ? ಪರಿಹಾರದ ದುಡ್ಡು ಬಂದು ಕೋರ್ಟಿನಲ್ಲಿ ಕೊಳೆಯುವುದು ಬಹುಪಾಲು ಇದರಿಂದಲೇ.

ಕೊನೆಗೆ ಮಗಳು. ಮೊದಲ ಸೆಮಿಸ್ಟರ್ ರೈಲಿನಲ್ಲಿ ಓಡಾಡಿ ನೋಡಲಿ. ಕ್ಯಾತ್ಸಂದ್ರದಲ್ಲೋ ತುಮಕೂರಿನಲ್ಲೋ ಹತ್ತಿ ಯಶವಂತಪುರದಲ್ಲಿ ಇಳಿದರೆ ಹೊರಗೇ ಮೆಟ್ರೋ ಇದೆ, ಹಸಿರು ಮಾರ್ಗದಲ್ಲಿ ಶ್ರೀರಾಂಪುರ ಇಲ್ಲವೇ ಸಂಪಿಗೆ ರಸ್ತೆಗೆ ಹೋಗಬಹುದು. ಮಲ್ಲೇಶ್ವರದಲ್ಲೇ ನಿಲ್ಲುವ ಪ್ಯಾಸೆಂಜರ್ ಅವಳ ಕಾಲೇಜಿನ ಹೊತ್ತಿಗೆ ಇದೆಯಾ ಅಂತ ವೇಳಾಪಟ್ಟಿ ನೋಡಿ. ವಿದ್ಯಾರ್ಥಿ ಪಾಸಿಗೆ ಕಾಲೇಜಿನಿಂದ ಪತ್ರ ಬರೆಸಿಕೊಂಡು ಬನ್ನಿ. ಸಂಜೆ ಲ್ಯಾಬ್ ಇರುವ ಕೋರ್ಸಾದರೆ ವಾಪಸ್ ರೈಲು ತಪ್ಪುವುದೇ ಜಾಸ್ತಿ. ಆಗ ಪಿಜಿಯೇ ಮೇಲು, ಶನಿವಾರ ಮನೆಗೆ ಬಂದರಾಯಿತು. ಯಜಮಾನರಿಗೂ ಒಂದು ವಾರ ರೈಲು ಹತ್ತಿ ನೋಡಲು ಹೇಳಿ. ಯಶವಂತಪುರದಿಂದ ಪೀಣ್ಯಕ್ಕೆ ಮೆಟ್ರೋದಲ್ಲಿ ಒಂದೆರಡು ನಿಲ್ದಾಣ ಹಿಂದಕ್ಕೆ ಬರಬೇಕು. ಸುತ್ತು ಅನ್ನಿಸುತ್ತದೆ, ಆದರೆ ಹೆದ್ದಾರಿ ಕೆಲಸ ಮುಗಿಯುವವರೆಗೆ ಬಸ್ಸಿಗಿಂತ ಇದೇ ಬೇಗ ಆದೀತು. ಐದು ದಿನ ಬಸ್ಸು, ಐದು ದಿನ ರೈಲು, ಮನೆ ಬಿಟ್ಟ ಹೊತ್ತು ಮತ್ತು ಗೇಟಿನಲ್ಲಿ ಪಂಚ್ ಮಾಡಿದ ಹೊತ್ತು ಕ್ಯಾಲೆಂಡರ್ ಮೇಲೆ ಬರೆದಿಡಿ. ನಾವು ಸರ್ವೆಯವರು ಮಾಡುವುದೂ ಅಷ್ಟೇ.